ಸಂಡಿಗೆಯ ಜೊತೆ ಒಣಗಿದ ಜಾಝ್

ನಮ್ಮತ್ತೆ ಈ ಸಲದ ಬೇಸಿಗೆಯಲ್ಲಿ ಒಂದು ಜಾಝ್ ರೆಕಾರ್ಡನ್ನು ಸಂಡಿಗೆಯ ಜೊತೆ ಬಿಸಿಲಿಗೆ ಹಾಕಿದರು.

ತಮಾಷೆಯಲ್ಲ. ನಮ್ಮ ಮನೆಯ ತಾರಸಿ. ಯುಗಾದಿ ಕಳೆದ ಮೇಲಿನ ಅರಸೀಕೆರೆಯ ಬಿಸಿಲು. ಹಳೆಯ ಪಂಚೆಯ ಮೇಲೆ ಸಾಲಾಗಿ ಅರಳು ಸಂಡಿಗೆ. ಅದರ ಪಕ್ಕದಲ್ಲಿ, ಕಾಗೆ ಮುಟ್ಟದ ಹಾಗೆ ತೆಳ್ಳನೆಯ ಬಟ್ಟೆ ಹೊದ್ದುಕೊಂಡು, ಕಪ್ಪಗೆ, ದುಂಡಗೆ, ಇಥಿಯೋಪಿಯಾದಿಂದ ಬಂದ ಒಂದು ಎಲ್‌ಪಿ ರೆಕಾರ್ಡು.

ಎದುರುಮನೆ ಸಾವಿತ್ರಮ್ಮ ತಮ್ಮ ತಾರಸಿಯಿಂದಲೇ ನೋಡಿದರಂತೆ. "ಏನ್ರೀ ಪದ್ಮಾವತಮ್ಮ, ಈ ಸಲ ಕರೀ ಹಪ್ಪಳ ಬೇರೆ ಮಾಡಿದೀರಾ?" ಅಂತ ಕೇಳಿದರಂತೆ.

"ನಮ್ಮ ಧರಣಿದು ಕಣ್ರೀ. ಬೂಷ್ಟು ಹಿಡಿದುಬಿಟ್ಟಿತ್ತು. ಒದ್ದೆ ಬಟ್ಟೇಲಿ ಒರೆಸಿ ಒಂಚೂರು ಬಿಸಿಲು ಕಾಣಿಸೋಣ ಅಂತ ಇಟ್ಟೆ" ಅಂದರಂತೆ ಅತ್ತೆ.

ನೀವೇ ಹೇಳಿ, ತಪ್ಪು ಅನ್ನೋದಾದರೂ ಹೇಗೆ? ನಮ್ಮ ಮನೆಯಲ್ಲಿ ಬೂಷ್ಟು ಹಿಡಿದದ್ದೆಲ್ಲ ಬಿಸಿಲಿಗೇ ಹೋಗುವುದು. ಉಪ್ಪಿನಕಾಯಿ ಭರಣಿ ಹೋಗುತ್ತದೆ, ಹಾಸಿಗೆ ಹೋಗುತ್ತದೆ, ಮಾವನವರ ಕಾಲದ ಚರ್ಮದ ಪೆಟ್ಟಿಗೆಯೂ ಹೋಗುತ್ತದೆ. ಬಿಸಿಲು ಕಂಡು ಹಾಳಾದ ವಸ್ತುವನ್ನು ಅತ್ತೆ ತಮ್ಮ ಜೀವಮಾನದಲ್ಲಿ ನೋಡಿರಲಿಲ್ಲ. ಮಗನ ಮೇಲಿನ ಅಕ್ಕರೆಯಿಂದ, ಮಗ ತುಂಬ ಇಷ್ಟಪಡುವ ವಸ್ತುವನ್ನು, ಸಂಡಿಗೆಗೆ ಕೊಡುವ ಮರ್ಯಾದೆಯನ್ನೇ ಕೊಟ್ಟು ಒಣಗಿಸಿದರು.

ನಾನು ಸಂತೆಗೆ ಹೋಗಿದ್ದೆ. ಚೀಲ ಹಿಡಿದು ಬಂದಾಗ ನಮ್ಮ ಯಜಮಾನರು ಆಗಲೇ ಸ್ಕೂಲಿನಿಂದ ಊಟಕ್ಕೆ ಬಂದು ತಾರಸಿಯ ಮೇಲಿದ್ದರು. (ಹೊಸ ಓದುಗರಿಗೆ: ನಮ್ಮವರು ಇಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹಳಬರಿಗೆ ಇದು ಗೊತ್ತು. ಅವರ ಕನ್ನಡಕದ ಕಥೆಯನ್ನು ನೀವಿನ್ನೂ ಮರೆತಿಲ್ಲ.) ಅವರ ಕೈಯಲ್ಲಿ ರೆಕಾರ್ಡಿತ್ತು. ಅದು ರೆಕಾರ್ಡಿನ ಹಾಗಿರಲಿಲ್ಲ. ಅಂಚೆಲ್ಲ ಮೇಲೆದ್ದು ಮುತ್ತುಗದ ದೊನ್ನೆಯ ಹಾಗೆ ಆಗಿತ್ತು. ಎರಡು ಹನಿ ಎಣ್ಣೆ ಬಿಟ್ಟರೆ ದೀಪ ಹಚ್ಚಬಹುದಿತ್ತು.

"ಹೋಗಲಿ ಬಿಡಮ್ಮ" ಅಂದರು. ಅಷ್ಟೇ.

ರೇಗಿದ್ದರೆ ಚೆನ್ನಾಗಿತ್ತು. ರೇಗಲಿಲ್ಲ. ಅವತ್ತಿನಿಂದ ಊಟಕ್ಕೆ ಕೂತಾಗ ನಾನು ಸಂಡಿಗೆ ಬಡಿಸಲು ಹೋದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ಆ ಕೈಯನ್ನು ಅತ್ತೆ ನೋಡುತ್ತಿದ್ದರು. ಅತ್ತೆ ನೋಡುವುದನ್ನು ನಾನು ನೋಡುತ್ತಿದ್ದೆ.

ಒಂದು ರೆಕಾರ್ಡಿಗೆ ಇಷ್ಟೊಂದೇ ಅಂತ ನಿಮಗೆ ಅನ್ನಿಸಬಹುದು. ಅದಕ್ಕೆ ಆ ರೆಕಾರ್ಡಿನಲ್ಲಿ ನುಡಿಸಿದ ಮನುಷ್ಯನ ಬಗ್ಗೆ ಹೇಳಬೇಕು.

ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಇಥಿಯೋಪಿಯಾದ ಅಡಿಸ್ ಅಬಾಬದಲ್ಲಿದ್ದೆವು. ಆಗ ನಮ್ಮ ಕಡೆಯಿಂದ ಎಷ್ಟೊಂದು ಮೇಷ್ಟ್ರುಗಳು ಅಲ್ಲಿಗೆ ಹೋದರು! ಗಣಿತ, ಸೈನ್ಸು, ಇಂಗ್ಲಿಷು, ಎಲ್ಲ ಕಲಿಸಲು ನಮ್ಮ ದೇಶದವರೇ. ಕಾನ್ವೆಂಟಿನಲ್ಲಿ ಭೂಪಟ ಬರೆಯುವಾಗ ನಾನು ಆ ದೇಶಕ್ಕೆ ಹಳದಿ ಬಣ್ಣ ತುಂಬಿದ್ದೆ, ಮರುಭೂಮಿ ಇರಬೇಕು ಅಂತ. ಹೋಗಿ ಇಳಿದರೆ ಚಳಿ. ಬೆಟ್ಟದ ಮೇಲಿನ ಊರು, ಎಲ್ಲಿ ನೋಡಿದರೂ ನೀಲಗಿರಿ ಮರ, ಒಲೆಗೆ ಅದರದ್ದೇ ಸೌದೆ. ಬುಧವಾರ, ಶುಕ್ರವಾರ ಅವರಿಗೆ ಉಪವಾಸದ ಊಟ. ಮಾಂಸವಿಲ್ಲ, ಹಾಲೂ ಇಲ್ಲ, ಬರೀ ಬೇಳೆ, ಸೊಪ್ಪು. ಜೈನರ ಮನೆಯ ಸೊಸೆಗೆ ಇನ್ನೇನು ಬೇಕು? ಹುಳಿ ಬಂದ ದೊಡ್ಡ ದೋಸೆಯಂಥದ್ದರ ಮೇಲೆ ಬೇಳೆಯ ಗಟ್ಟಿ ಸಾರು ಸುರಿದು ಕೊಡುತ್ತಿದ್ದರು.

ಅಲ್ಲಿ ನಮ್ಮವರ ಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದ ತೆಸ್ಫಾಯೆ ಅನ್ನುವವರು ಒಂದು ಭಾನುವಾರದ ಸಂಜೆ ನಮ್ಮನ್ನು ಒಂದು ಹೋಟೆಲಿಗೆ ಕರೆದುಕೊಂಡು ಹೋದರು. "ನಮ್ಮೂರಿನ ಹುಡುಗ, ಎಂಜಿನಿಯರ್ ಆಗಲಿ ಅಂತ ಇಂಗ್ಲೆಂಡಿಗೆ ಕಳಿಸಿದರೆ ಸಂಗೀತ ಕಲಿತುಬಿಟ್ಟ. ಬನ್ನಿ ನೋಡೋಣ" ಅಂತ.

ಆ ಹುಡುಗನ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಈಗ ಕಾಲ ಸರಿಯಿಲ್ಲ. ಯಾರ ಹೆಸರು ಎಲ್ಲಿ ಅಚ್ಚಾದರೆ ಏನಾಗುತ್ತದೋ. (ಅರಸೀಕೆರೆಯ ವಾರಪತ್ರಿಕೆ ಅಡಿಸ್ ಅಬಾಬಕ್ಕೆ ಹೋಗುತ್ತದೆಯೇ ಅಂತ ನಗಬೇಡಿ. ರೆಕಾರ್ಡು ಅಲ್ಲಿಂದ ಇಲ್ಲಿಗೆ ಬಂದಿದೆಯಲ್ಲ.)

ಸ್ಟೇಜಿನ ಮೇಲೆ ಒಂದು ಮೇಜಿನಂಥ ವಾದ್ಯ. ಮೇಲೆ ಲೋಹದ ಪಟ್ಟಿಗಳು, ಕೆಳಗೆ ಕೊಳವೆಗಳು. ಅವನು ಎರಡು ಕೈಯಲ್ಲೂ ಕೋಲು ಹಿಡಿದಿದ್ದ, ಕೋಲಿನ ತುದಿಗೆ ಉಣ್ಣೆಯ ಉಂಡೆ. ತಟ್ಟಿದರೆ ಸ್ವರ ತಟ್ಟಿದ ಜಾಗದಲ್ಲೇ ನಿಲ್ಲುತ್ತಿರಲಿಲ್ಲ. ನಡುಗುತ್ತ ಗಾಳಿಯಲ್ಲಿ ತೂಗುತ್ತಿತ್ತು. ನನಗೆ ಜಲತರಂಗ ನೆನಪಾಯಿತು, ಆದರೆ ನೀರಿಗಿಂತ ನಿಧಾನ. ಹಿಂದೆ ಸ್ಯಾಕ್ಸೊಫೋನು, ಕೈಯಲ್ಲಿ ಬಡಿಯುವ ಎತ್ತರದ ಡ್ರಮ್ಮು, ಗಿಟಾರು.

ಕೇಳುತ್ತ ಕೇಳುತ್ತ ನನಗೆ ಏನೋ ಅನುಮಾನ. ನಮ್ಮ ಕಾನ್ವೆಂಟಿನ ಪಿಯಾನೋದಲ್ಲಿ, ಸಿಸ್ಟರ್ ಆಚೆ ಹೋದಾಗ, ನಾನು ಕಪ್ಪು ಮನೆಗಳನ್ನು ಮಾತ್ರ ಒತ್ತಿ ಮೋಹನ ರಾಗ ಬಾರಿಸುತ್ತಿದ್ದೆ. ಐದೇ ಸ್ವರ. ಇವನ ಬೆರಳಲ್ಲೂ ಅವೇ ಐದು! ಯಜಮಾನರ ಕಿವಿಯಲ್ಲಿ ಹೇಳಿದೆ, "ರೀ, ಇದು ನಮ್ಮ ಮೋಹನ." ಅವರು, "ಇರಬಹುದು, ಆದರೆ ಇದಕ್ಕೆ ಮನೆಗೆ ಹೋಗೋ ಅವಸರ ಇಲ್ಲ" ಅಂದರು. ಗಣಿತದ ಮೇಷ್ಟ್ರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ತೆಸ್ಫಾಯೆ ವಿವರಿಸಿದರು. ಅವು ಅವರ ಹಳ್ಳಿಗಳಲ್ಲಿ, ಮನೆಗಳಲ್ಲಿ ಹಾಡುತ್ತ ಬಂದ ಸ್ವರಗಳು. ಅವುಗಳ ಒಂದು ಜೋಡಣೆಗೆ ತಿಜಿತಾ ಅಂತ ಹೆಸರಂತೆ. ನೆನಪು, ಹಂಬಲ, ಎರಡಕ್ಕೂ ಅವರಲ್ಲಿ ಅದೊಂದೇ ಮಾತು. ಈ ಹುಡುಗ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ಜಾಝ್ ಓದಿದ. ಬೇರೆಯವರ ಹಾಗೆ ಬಾರಿಸುವುದನ್ನು ಕಲಿತ ಮೇಲೆ, ತಮ್ಮೂರಿನ ಐದು ಸ್ವರಗಳನ್ನು ಜಾಝ್ ಒಳಗೆ ಕೂರಿಸಿದರೆ ಹೇಗೆ ಅಂತ ಯೋಚಿಸಿದ. ಯಾರೂ ಮಾಡಿರಲಿಲ್ಲ. ವಾದ್ಯ ಹೊತ್ತುಕೊಂಡು ಊರಿಗೆ ಬಂದ.

ಊರಿನವರು ಹಾರ ಹಾಕಿದರೇ? ಎಲ್ಲಿ ಬಂತು. ಹಾಡುವವರೇ ಇಲ್ಲದ ಇದೆಂಥ ಹಾಡು ಅಂದರಂತೆ. ತೆಸ್ಫಾಯೆಯವರ ಅಪ್ಪ ಚರ್ಚಿಗೆ ಹೋಗುವ ಹಿರಿಯರು. ಒಂದು ಪ್ರೋಗ್ರಾಮಿನ ಮಧ್ಯದಲ್ಲೇ, ನಮ್ಮ ಹಾಡನ್ನು ಕೆಡಿಸಿಬಿಟ್ಟ ಅಂತ ಎದ್ದು ಹೋದರಂತೆ.

"ಈಗ ಏನಂತಾರೆ?" ಅಂತ ಕೇಳಿದೆ.

"ಈಗಲೂ ಅದನ್ನೇ ಅಂತಾರೆ. ಆದರೆ ಬಚ್ಚಲಲ್ಲಿ ಅವನದ್ದೇ ಗುನುಗುತ್ತಾರೆ" ಅಂದರು ತೆಸ್ಫಾಯೆ.

ನಾವಿದ್ದ ವರ್ಷಗಳಲ್ಲೇ ಊರು ಬದಲಾಗುವುದನ್ನು ಕಂಡೆ. ದೊಡ್ಡ ದೊಡ್ಡ ಗಾಯಕರ ಹಾಡಿನ ಹಿಂದೆ ಇವನು ಜೋಡಿಸಿದ ವಾದ್ಯಗಳು ಬಂದವು. ಬೇರೆ ಬ್ಯಾಂಡಿನವರೂ ಹಾಗೇ ನುಡಿಸತೊಡಗಿದರು. ಅಮೆರಿಕದ ಹೆಸರಾಂತ ಜಾಝ್ ಬ್ಯಾಂಡಿನ ನಾಯಕರೊಬ್ಬರು ಬಂದು ಇವನ ಜೊತೆ ನುಡಿಸಿದರು ಅಂತ ಊರೆಲ್ಲ ಮಾತಾಡಿಕೊಂಡಿತು. ತರಕಾರಿ ಅಂಗಡಿಯ ರೇಡಿಯೋದಲ್ಲೂ ಆ ನಡುಗುವ ಸ್ವರ. ಭಾನುವಾರ ಬಂದರೆ ನಮ್ಮವರು ಇಸ್ತ್ರಿ ಮಾಡಿದ ಷರಟು ಹುಡುಕುತ್ತಿದ್ದರು.

ಆಮೇಲೆ ಅರಸೊತ್ತಿಗೆ ಹೋಯಿತು. ಸಿಪಾಯಿಗಳು ಬಂದರು. ಕರ್ಫ್ಯೂ. ಸಂಜೆಯ ಸಂಗೀತಕ್ಕೆ ಕರ್ಫ್ಯೂ ಅಂದರೆ ಏನು ಅಂತ ಬಿಡಿಸಿ ಹೇಳಬೇಕೇ? ಹೋಟೆಲಿನ ದೀಪಗಳು ಆರಿದವು. ನಮ್ಮವರು ಊರಿಗೆ ಹೊರಡುವ ನಿರ್ಧಾರ ಮಾಡಿದರು. ಹೊರಡುವ ವಾರ ಪೇಟೆಗೆ ಹೋಗಿ, ನಾನು ಹೇಳಿದ್ದ ಬೆಳ್ಳಿಯ ಕಾಫಿ ಚಮಚ ಮರೆತು, ಈ ರೆಕಾರ್ಡು ತಂದರು. ತೆಸ್ಫಾಯೆಯವರಿಂದ ಸ್ವಲ್ಪ ಕಾಲ ಕಾಗದ ಬಂತು. ಆಮೇಲೆ ನಿಂತಿತು.

ಅರಸೀಕೆರೆಗೆ ಬಂದ ಮೇಲೆ ಭಾನುವಾರ ಅಂದರೆ ಹೀಗೆ: ಎಣ್ಣೆ ಸ್ನಾನ, ಬಸದಿ, ತಿಂಡಿ, ಆಮೇಲೆ ರೆಕಾರ್ಡು. ನಮ್ಮವರು ಕಿಟಕಿ ಪಕ್ಕದ ಕುರ್ಚಿಯಲ್ಲಿ. ಮಧ್ಯೆ ರೈಲು ಕೂಗಿದರೆ ಮುಖ ಗಂಟಿಕ್ಕುತ್ತಿದ್ದರು. (ಜಂಕ್ಷನ್ ಊರಿನಲ್ಲಿದ್ದುಕೊಂಡು!) ಆ ಹೊತ್ತಿನಲ್ಲಿ ಮಾತ್ರ ನನ್ನ ಹತ್ತಿರ ಅಲ್ಲಿನ ವಿಷಯ ಮಾತಾಡುತ್ತಿದ್ದರು. ಮಳೆಯ ದಿನ ನೆಲಕ್ಕೆ ಹಸಿ ಹುಲ್ಲು ಹರಡಿ, ಹಸಿರು ಬೀಜವನ್ನು ಎದುರಿಗೇ ಹುರಿದು, ಕಾಫಿ ಕೊಡುತ್ತಿದ್ದ ಪಕ್ಕದ ಮನೆಯಾಕೆಯ ವಿಷಯ. ಅವರ ಕ್ಯಾಲೆಂಡರ್ ನಮಗಿಂತ ಏಳೆಂಟು ವರ್ಷ ಹಿಂದಿರುವ ವಿಷಯ. "ಲೆಕ್ಕ ಹಾಕು ಶಾಂತಾ. ನಾವು ಬಿಟ್ಟು ಬಂದ ವರ್ಷ ಅವರಿಗೆ ಈಗ ನಡೀತಾ ಇದೆ" ಅಂದಿದ್ದರು ಈ ಸಂಕ್ರಾಂತಿಯ ಹೊತ್ತಿಗೆ. ನಾನು ಲೆಕ್ಕ ಹಾಕಲಿಲ್ಲ. ಹಾಕಿದರೆ ಅಳು ಬರುತ್ತಿತ್ತು.

ಅಲ್ಲಿದ್ದಾಗ ನಾನು ಅರಸೀಕೆರೆಗಾಗಿ ಅಳುತ್ತಿದ್ದೆ ಅನ್ನುವುದನ್ನೂ ಹೇಳಿಬಿಡಬೇಕು. ಮನುಷ್ಯರು ಯಾಕೆ ಹೀಗೆ?

ಅತ್ತೆಗೆ ಮೊದಲಿನಿಂದಲೂ ಆ ರೆಕಾರ್ಡಿನ ಮೇಲೆ ದೂರು. ಅಡುಗೆಮನೆ ಬಾಗಿಲಲ್ಲಿ ಈಳಿಗೆಮಣೆ ಮುಂದೆ ಕೂತು ಬೀನ್ಸ್ ಹೆಚ್ಚುತ್ತ, "ಏನೋ ಇದು, ಬರೀ ಬಾಜಾ ಬಜಂತ್ರಿ. ಹಾಡೋಳು ಯಾವಾಗ ಬರ್ತಾಳೆ?" ಅನ್ನುತ್ತಿದ್ದರು.

"ಹಾಡೋಳು ಬರಲ್ಲಮ್ಮ."

"ಮತ್ತೆ ಇಷ್ಟೊತ್ತು ಕಾಯ್ತಾ ಕೂತಿದೀಯಲ್ಲೋ."

ರೆಕಾರ್ಡು ಬಿಸಿಲು ಕಂಡ ಮೇಲೆ ಅದೂ ಇಲ್ಲವಾಯಿತು. ಭಾನುವಾರ ತಿಂಡಿಯಾದ ಮೇಲೆ ನಮ್ಮವರು ಪೇಪರ್ ಹಿಡಿಯುತ್ತಿದ್ದರು. ರೆಕಾರ್ಡನ್ನು ನೆಟ್ಟಗೆ ಮಾಡಲು ಏನೆಲ್ಲ ಮಾಡಿದೆವು. ಎರಡು ಗಾಜಿನ ನಡುವೆ ಇಟ್ಟೆವು. ಮೇಲೆ ಕಲ್ಲಿನ ಒರಳು ಹೇರಿದೆವು. ಪ್ಲೇಯರಿಗೆ ಹಾಕಿದರೆ ಮುಳ್ಳು ಜಾವಗಲ್ ರಸ್ತೆಯ ಬಸ್ಸಿನ ಹಾಗೆ ಎದ್ದು ಬಿದ್ದು, ಒಂದು ಸ್ವರ ಅಯ್ಯೋ ಅಂದು, ಹೊರಗೆ ಹಾರಿತು. ಮೊದಲೇ ಕ್ಯಾಸೆಟ್‌ಗೆ ಹಾಕಿಸಿಕೊಳ್ಳಬೇಕಿತ್ತು ಅಂತ ಈಗ ಎಲ್ಲರೂ ಹೇಳುತ್ತಾರೆ. ನಮಗೆ ತೋಚಲಿಲ್ಲ. ಮನೆಯಲ್ಲೇ ಇರುವುದನ್ನು ಯಾರು ಇನ್ನೊಂದು ಸಲ ಹಿಡಿದಿಡುತ್ತಾರೆ?

"ಹಾಸನದಲ್ಲಿ ಸಿಗಲ್ವೇನೇ?" ಅಂತ ಅತ್ತೆ ಒಂದು ದಿನ ನನ್ನನ್ನು ಕೇಳಿದರು.

"ಇಲ್ಲ ಅತ್ತೆ."

"ಬೆಂಗಳೂರಲ್ಲಿ?"

"ಎಲ್ಲೂ ಸಿಗಲ್ಲ ಅತ್ತೆ. ಅಲ್ಲೇ ಸಿಗುತ್ತೋ ಇಲ್ಲವೋ."

ಅವರು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬಿಡಿಸುತ್ತಲೇ ಇದ್ದರು. "ಅವನು ಚಿಕ್ಕೋನಿದ್ದಾಗ್ಲೂ ಹೀಗೇ ಕಣೇ. ಹೊಡೆದ್ರೆ ಅಳ್ತಿರಲಿಲ್ಲ. ಊಟದಲ್ಲಿ ಒಂದು ಪದಾರ್ಥ ಬಿಟ್ಟುಬಿಡೋನು" ಅಂದರು.

ನಾನೂ ಸಾವಿತ್ರಮ್ಮನ ಮನೆಯ ಹಾರ್ಮೋನಿಯಂ ತಂದು ಪ್ರಯತ್ನಿಸಿದೆ. ಮೊದಲ ಸಾಲು ಬಂತು. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಕೈ ತಾನಾಗಿ ಕಾನ್ವೆಂಟಿನ ಬೆಳಗಿನ ಪ್ರಾರ್ಥನೆಗೆ ಜಾರಿತು. ನಮ್ಮವರು ಪೇಪರಿನ ಹಿಂದಿನಿಂದ, "ಸಿಸ್ಟರ್ ಬಂದರು" ಅಂದರು. ನಗು ಬರಲಿ ಅಂತಲೇ ಹೇಳಿದ್ದು. ಇಬ್ಬರಿಗೂ ಬರಲಿಲ್ಲ.

ಹೀಗಿರುವಾಗ ಹಳೇಬೀಡಿನಲ್ಲಿ ಮದುವೆ ಬಂತು. ಅತ್ತೆಯ ತವರುಮನೆ ಅಲ್ಲಿ, ಬಸದಿ ಹಳ್ಳಿಯ ಹತ್ತಿರ. ಅವರ ಅಣ್ಣನ ಮೊಮ್ಮಗಳ ಮದುವೆ. ಬಾಣಾವರ ದಾಟಿ ಬಸ್ಸು ಹೋಗುವಾಗ ರಸ್ತೆಯ ಪಕ್ಕ ಹೊಸದಾಗಿ ನೆಟ್ಟ ನೀಲಗಿರಿ ತೋಪು. ಯಾರೋ ತರಗೆಲೆ ಸುಡುತ್ತಿದ್ದರು. ಹೊಗೆ ಬಸ್ಸಿನೊಳಗೆ ಬಂತು. ಎಲ್ಲರೂ ಮೂಗಿಗೆ ಸೆರಗು, ಟವೆಲ್ಲು ಹಿಡಿದರು. ನಾವಿಬ್ಬರು ಮಾತ್ರ ಹಿಡಿಯಲಿಲ್ಲ. ನಮ್ಮವರು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಮುಂದಿನ ಸೀಟಿನಿಂದ ಅತ್ತೆ ತಿರುಗಿ ನೋಡಿ, ಮತ್ತೆ ಮುಂದಕ್ಕೆ ತಿರುಗಿದರು.

ನಮ್ಮ ಕಡೆಯ ಮದುವೆಗಳಲ್ಲಿ ಒಂದು ಪದ್ಧತಿ ನಿಮಗೆಲ್ಲ ಗೊತ್ತು. ಮದುಮಕ್ಕಳನ್ನು ಹಸೆಮಣೆಯ ಮೇಲೆ ಕೂರಿಸಿ ಆರತಿ ಎತ್ತುವಾಗ ಹೆಂಗಸರು ಹಾಡಬೇಕು. ಪದ ಹಳೆಯದೇ. ಮಟ್ಟು ಮಾತ್ರ ಯಾವುದಾದರೂ ಆಗಬಹುದು. ಹಾಡುವವಳು ಯಾವ ಮಟ್ಟನ್ನು ಹಿಡಿದು ತರುತ್ತಾಳೋ ಅದು. ಒಬ್ಬರು ದೇವರನಾಮದ ಮಟ್ಟು ತರುತ್ತಾರೆ, ಇನ್ನೊಬ್ಬರು ಸಿನಿಮಾದ್ದು. ಹೊಸ ಮಟ್ಟು ತಂದವಳಿಗೆ ಆ ದಿನ ಮರ್ಯಾದೆ ಜಾಸ್ತಿ.

"ಪದ್ಮಕ್ಕ, ನೀವೇ ಶುರು ಮಾಡಿ" ಅಂದರು ಎಲ್ಲರೂ. ಅತ್ತೆ ಗಂಟಲು ಸರಿಮಾಡಿಕೊಂಡರು. ಶುರು ಮಾಡಿದರು.

ನನ್ನ ಕೈಯಲ್ಲಿ ಆರತಿ ತಟ್ಟೆಯಿತ್ತು. ಅದು ಬೀಳದೆ ಉಳಿದದ್ದು ಪುಣ್ಯ.

ಪದ ಅದೇ ಆರತಿಯ ಪದ. ಮಟ್ಟು ಭಾನುವಾರದ್ದು! ಅದೇ ಐದು ಸ್ವರ, ಅದೇ ನಿಧಾನ, ಮೊದಲ ಸಾಲಿನ ಕೊನೆಯಲ್ಲಿ ಮನೆಗೆ ಹೋಗಲು ಅವಸರವಿಲ್ಲದ ಅದೇ ನಿಲುಗಡೆ. ಲೋಹದ ಪಟ್ಟಿಗಳು ನಡುಗುತ್ತಿದ್ದ ಕಡೆ ಅತ್ತೆಯ ವಯಸ್ಸಾದ ಗಂಟಲು ತಾನಾಗಿಯೇ ನಡುಗುತ್ತಿತ್ತು. ಈಳಿಗೆಮಣೆಯ ಮುಂದೆ ಕೂತು ದೂರು ಹೇಳುತ್ತಲೇ ಈಕೆ ಒಳಗೊಳಗೇ ಪದ ಕೂರಿಸಿದ್ದಾರೆ. ಬರದೇ ಇದ್ದ ಹಾಡುವವಳ ಜಾಗಕ್ಕೆ ತಾವೇ ಹೋಗಿ ಕೂತಿದ್ದಾರೆ.

ಎರಡನೆಯ ಸಾಲೂ ಸರಿಯಾಯಿತು. ಮೂರನೆಯದು ತಪ್ಪಿತು. ರೆಕಾರ್ಡಿನಲ್ಲಿ ಸ್ವರ ಕೆಳಗೆ ಇಳಿಯುವ ಕಡೆ ಅತ್ತೆ ಮೇಲಕ್ಕೆ ಹತ್ತಿ, ನಮ್ಮ ಹಸೆ ಹಾಡಿನ ಹಾಗೆ ಒಂದು ಸುತ್ತು ಸುತ್ತಿಸಿಬಿಟ್ಟರು.

"ಅಲ್ಲಮ್ಮ, ಅಲ್ಲಿ ಹತ್ತಬಾರದು. ಇಳೀಬೇಕು."

ಎಲ್ಲರೂ ತಿರುಗಿ ನೋಡಿದರು. ಹೊರಗೆ ಚಪ್ಪರದಲ್ಲಿ ಗಂಡಸರ ಜೊತೆ ಕೂತಿದ್ದ ನಮ್ಮವರು ನಡುಮನೆಯ ಬಾಗಿಲಲ್ಲಿ ನಿಂತಿದ್ದರು. ಹೆಂಗಸರ ಆರತಿ ಹಾಡಿಗೆ ಗಂಡಸು ಬಾಯಿ ಹಾಕಿದ್ದನ್ನು ಆ ಮನೆ ಯಾವತ್ತೂ ಕಂಡಿರಲಾರದು.

"ಏನೋ ಧರಣಿ, ನೀನೂ ಸೆರಗು ಹೊದ್ಕೊಂಡು ಬಾ, ಕೂತ್ಕೋ" ಅಂತ ಒಬ್ಬ ಅಜ್ಜಿ ಅಂದರು. ನಗುವೋ ನಗು.

ಅತ್ತೆ ನಗಲಿಲ್ಲ. "ಅಲ್ಲಿ ನನಗೆ ಮರೆತುಹೋಗಿದೆ ಕಣೋ. ನಂದೇ ಒಂದು ಹಾಕ್ಕೊಂಡೆ" ಅಂದರು. "ಹೇಗೆ ಇಳಿಯುತ್ತೆ, ಹೇಳು."

ಮದುಮಗಳು ಹಸೆಯ ಮೇಲೆ, ಆರತಿ ನನ್ನ ಕೈಯಲ್ಲಿ, ಕರ್ಪೂರ ಉರಿಯುತ್ತಿದೆ. ನಮ್ಮವರು ಬಾಗಿಲಿಗೆ ಕೈ ಕೊಟ್ಟು, ನೆಲ ನೋಡುತ್ತ, ಮೂರನೆಯ ಸಾಲನ್ನು ಸಣ್ಣಗೆ ಗುನುಗಿದರು. ಅತ್ತೆ ಹಿಂದೆಯೇ ಪದ ಹಾಕಿ ಹಾಡಿದರು. ಇನ್ನೊಂದು ಸಲ. ಮತ್ತೊಂದು ಸಲ. ಅಷ್ಟರಲ್ಲಿ ಉಳಿದ ಹೆಂಗಸರೂ ಸೇರಿಕೊಂಡರು. ಆರತಿ ಮುಗಿಯುವ ಹೊತ್ತಿಗೆ ಮೂರನೆಯ ಸಾಲು ಅರ್ಧ ಇಳಿದು ಅರ್ಧ ಹತ್ತುತ್ತಿತ್ತು. ಯಾರೂ ಅದನ್ನು ತಿದ್ದಲಿಲ್ಲ. ನಮ್ಮವರೂ ತಿದ್ದಲಿಲ್ಲ.

ಊಟಕ್ಕೆ ಕೂತಾಗ ಎಲೆಯ ಮೇಲೆ ಕೈ ಅಡ್ಡ ಬರಲಿಲ್ಲ. ಬದಲಿಗೆ, "ಅಮ್ಮ, ಮನೆ ಸಂಡಿಗೆ ತಂದಿದೀಯಾ?" ಅಂತ ಕೇಳಿದರು. ತಂದಿದ್ದರು. ಒಂದು ಡಬ್ಬಿ ತುಂಬ ತಂದಿದ್ದರು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಅತ್ತೆಯ ಗಂಟಲು ಆ ವಾದ್ಯವಲ್ಲ. ಆ ಸ್ವರ ಗಾಳಿಯಲ್ಲಿ ತೂಗುತ್ತಿದ್ದದ್ದು ಇನ್ನು ನಮ್ಮ ಮನೆಯಲ್ಲಿ ಕೇಳುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮವರು, "ಡ್ರಮ್ಮಿನವನು ಹೇಗೆ ಶುರು ಮಾಡ್ತಿದ್ದ ನೆನಪಿದೆಯಾ?" ಅಂತ ಕೇಳಿದರು. ನೆನಪಿದೆ ಅಂದೆ. ಇಬ್ಬರಿಗೂ ನೆನಪಿದ್ದದ್ದು ಬೇರೆ ಬೇರೆ. ದೊನ್ನೆಯಾದ ರೆಕಾರ್ಡು ಈಗಲೂ ಕಪಾಟಿನಲ್ಲಿದೆ. ಭಾನುವಾರ ನಮ್ಮವರು ಅದರ ಕವರನ್ನು ತೆಗೆದು, ಒರೆಸಿ, ಒಳಗಿಡುತ್ತಾರೆ. ಕವರಿಗೆ ಅತ್ತೆ ಬಿಸಿಲು ತೋರಿಸಿರಲಿಲ್ಲ.

ಆದರೆ ಆ ಮಟ್ಟಿನ ಗತಿ ಕೇಳಿ. ಮದುವೆಗೆ ಬಂದಿದ್ದ ಗೆಂಡೆಹಳ್ಳಿಯ ಸೊಸೆಯೊಬ್ಬಳು ಅತ್ತೆಯನ್ನು ಪಕ್ಕಕ್ಕೆ ಕರೆದು, "ಚೆನ್ನಾಗೈತೆ ಅಜ್ಜಿ, ಇನ್ನೊಂದು ಸಲ ಹೇಳ್ಕೊಡಿ" ಅಂತ ಕಲಿತುಕೊಂಡು ಹೋದಳು. ಅರೇಹಳ್ಳಿ ಕಡೆಯ ಇಬ್ಬರು ಬಸ್ ಸ್ಟ್ಯಾಂಡಿನಲ್ಲೇ ನಿಂತು ಹೇಳಿಕೊಳ್ಳುತ್ತಿದ್ದರು. ಯಾವ ಊರಿನ ಮಟ್ಟು ಅಂತ ಯಾರೋ ಕೇಳಿದ್ದಕ್ಕೆ ಅತ್ತೆ, "ನನ್ನ ಮಗ ಇದ್ದ ಊರಿಂದು" ಅಂದರು. ಕೇಳಿದವರು ಅರಸೀಕೆರೆ ಅಂದುಕೊಂಡರು.

ಕಳೆದ ವಾರ ಇಲ್ಲೇ ನಮ್ಮ ಬೀದಿಯಲ್ಲಿ ಒಂದು ನಾಮಕರಣ. ತೊಟ್ಟಿಲ ಮುಂದೆ ಯಾರೋ ಹೊಸಬರು ಆರತಿಗೆ ಹಾಡಿದರು. ಅದೇ ಮಟ್ಟು! ಸ್ವಲ್ಪ ಜೋರು, ಮೂರನೆಯ ಸಾಲು ಪೂರ್ತಿ ಮೇಲಕ್ಕೆ. ನಾನು ತಡೆಯಲಾರದೆ, "ಇದು ನಿಮಗೆಲ್ಲಿ ಸಿಕ್ಕಿತು?" ಅಂತ ಕೇಳಿದೆ.

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇದು ತುಂಬಾ ಹಳೇ ಮಟ್ಟು ಕಣ್ರೀ. ನಮ್ಮಜ್ಜಿ ಹಾಡ್ತಿದ್ರು" ಅಂದರು.

ಅತ್ತೆ ನನ್ನ ಸೆರಗು ಜಗ್ಗಿದರು. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಕಾಫಿ ಗಿಡವೂ ಮೂಲದಲ್ಲಿ ಅಲ್ಲಿಯದೇ ತಾನೆ, ಅರೇಹಳ್ಳಿಯ ತೋಟದವರು ಈಗ ನಮ್ಮ ಕಾಫಿ ಅನ್ನುವುದಿಲ್ಲವೇ ಅಂದರು. ಆಮೇಲೆ, "ತೆಸ್ಫಾಯೆಗೆ ಇದನ್ನ ಹೇಳಬೇಕಿತ್ತು" ಅಂದರು.

ಅಲ್ಲಿ ಆ ಹೋಟೆಲಿನ ದೀಪ ಮತ್ತೆ ಹತ್ತಿದೆಯೋ ಇಲ್ಲವೋ, ಆ ಹುಡುಗನ ಕೈಯಲ್ಲಿ ಆ ಉಣ್ಣೆಯ ಕೋಲುಗಳು ಇನ್ನೂ ಇವೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಆದರೆ ಅವನು ಕಟ್ಟಿದ ಮಟ್ಟಿಗೆ ನಮ್ಮ ಸೀಮೆಯಲ್ಲಿ ಆಗಲೇ ಒಬ್ಬಳು ಅಜ್ಜಿ ಹುಟ್ಟಿಕೊಂಡಿದ್ದಾಳೆ ಅಂತ ಅವನಿಗೆ ಯಾರು ಹೇಳುತ್ತಾರೆ?